ಅವನಿಗೆಲ್ಲಿ ಕನ್ನಡ ಬರುತ್ತೆ!

"ಅಯ್ಯೋ! ಒರಗಬ್ಯಾಡೋ ಕೋಣಾ!"

ಅರ್ಪಿತಾ ಕೂಗುವಷ್ಟರಲ್ಲಿ ಆ ಆರಡಿ ಹುಡುಗ ಒರಗಿಬಿಟ್ಟಿದ್ದ. ಬೆಳಿಗ್ಗೆಯಿಂದ ಅವಳು ಸಗಣಿ ಮೆತ್ತಿದ್ದ ಮಾಸಾಯಿ ಮನೆಯ ಹಸಿ ಗೋಡೆಯ ಮೇಲೆ ಅವನ ಬೆನ್ನಿನ ಅಚ್ಚು! ಮನೆಯೊಡತಿ ನಾಸಿಯೆಕು ಹೊಟ್ಟೆ ಹಿಡಿದು ನಕ್ಕಳು.

ಇಂಗ್ಲೆಂಡಿನ ಶೆಫೀಲ್ಡ್‌ನಿಂದ ಹದಿನಾಲ್ಕು ವಿದ್ಯಾರ್ಥಿಗಳು ಹತ್ತು ದಿನದ ಮಟ್ಟಿಗೆ ಕೀನ್ಯಾಕ್ಕೆ ಬಂದಿದ್ದರು. ಅಲ್ಲಿನ ದನಗಾಹಿ ಮಾಸಾಯಿಗಳ ಮನೆಯಲ್ಲಿ ವಾಸ, ಅವರ ಜೊತೆ ಕೆಲಸ, ಸಂಜೆ ಕಾಡುಪ್ರಾಣಿ ನೋಡುವುದು. ಎಂ.ಎಸ್ಸಿ. ಓದಲು ಹುಬ್ಬಳ್ಳಿಯಿಂದ ಶೆಫೀಲ್ಡ್‌ಗೆ ಬಂದಿದ್ದ ಅರ್ಪಿತಾಳಿಗೆ ಜೊತೆಯೆಂದರೆ ಅಲ್ಲಿನ ಬ್ರೂಮ್‌ಹಿಲ್ ಬಡಾವಣೆಯ ರೂಮಿನ ಗೆಳತಿ, ಮೈಸೂರಿನ ಸೌಮ್ಯಾ.

"ಯಾರ ಇಂವಾ?"

"ಅಮೃತ್ ಅಂತೆ ಕಣೆ. ಬರ್ಮಿಂಗ್‌ಹ್ಯಾಮ್‌ನವನು."

"ಹಂಗಾರ ಪಂಜಾಬಿ. ಅಲ್ಲಿ ಅವರ ಭಾಳ. ಏನ್ ಬೈದ್ರೂ ತಿಳಿಯಂಗಿಲ್ಲ ಬಿಡು!"

ಅಲ್ಲಿಂದ ಶುರುವಾಯಿತು ನೋಡಿ. ಅವನ ಎದುರಿಗೇ ಅವನ ಕೂದಲು, ನಡಿಗೆ, ಟೋಪಿ ಎಲ್ಲದರ ವಿಮರ್ಶೆ. "ಮಾರಿ ಏನೋ ಛಂದ ಅದ. ಬುದ್ಧಿ ಮಾತ್ರ ದೇವರಿಗೇ ಗೊತ್ತು!" ಅವನ ಮುಖ ಕೆಂಪಾಗುತ್ತಿತ್ತು. ಬಿಸಿಲಿಗೆ ಅಂದುಕೊಂಡಳು, ಪಾಪ!

ಆದರೆ ಮರುದಿನ ಯಾರೂ ಕರೆಯದೆಯೇ ಬಂದು, ಮೊಣಕೈವರೆಗೆ ಸಗಣಿ ಮಾಡಿಕೊಂಡು ಗೋಡೆ ಸರಿಮಾಡಿದವನೂ ಅವನೇ. ನಾಸಿಯೆಕು ಪ್ರೀತಿಯಿಂದ ಆಡಿನ ಮಾಂಸ ಬಡಿಸಿದಾಗ ಅರ್ಪಿತಾ ಬೆವರಿದಳು.

"ನಂಗ ನಡಿಯಂಗಿಲ್ಲಲೇ ಸೌಮ್ಯಾ... ಬ್ಯಾಡಂದ್ರ ಪಾಪ ಅಕಿ ನೊಂದ್ಕೋತಾಳ."

ಅಮೃತ್ ಸದ್ದಿಲ್ಲದೆ ಇನ್ನೂ ಮಾಂಸ ಬೀಳದ ತನ್ನ ಮೆಕ್ಕೆಜೋಳದ ಮುದ್ದೆಯ ತಟ್ಟೆಯನ್ನು ಇತ್ತ ತಳ್ಳಿ, ಅವಳದನ್ನು ಎಳೆದುಕೊಂಡ. ಇವನಿಗೆ ಹೇಗೆ ಗೊತ್ತಾಯಿತು? ಮನಸ್ಸು ಓದುತ್ತಾನಾ?

ಕೊನೆಯ ಸಂಜೆ ಒಂಟಿ ಆನೆಯೊಂದು ವ್ಯಾನಿನ ಕಿಟಕಿಯವರೆಗೂ ಬಂತು. ಅವಳು ಪಕ್ಕದಲ್ಲಿದ್ದ ಅಮೃತ್‌ನ ಕೈ ಹಿಡಿದುಬಿಟ್ಟಳು. ಆನೆ ಹೋಯಿತು. ಕೈ ಅಲ್ಲೇ ಉಳಿಯಿತು.

ಅರ್ಪಿತಾ ಹವಾಮಾನ ಹೇಳುವವರ ಹಾಗೆ ನಗುನಗುತ್ತಾ ಹೇಳಿದಳು. "ಅಮೃತ್, ನಿನಗ ಕನ್ನಡ ಬರ್ತಿದ್ರ ಸತ್ರೂ ಹೇಳ್ತಿರಲಿಲ್ಲ. ನೀ ಅಂದ್ರ ನಂಗ ಭಾಳ ಇಷ್ಟ."

ಅವನ ಬಾಯಿ ತೆರೆಯಿತು. ಮುಚ್ಚಿತು. "ಸಾರಿ... ವಾಟ್?"

"ನಥಿಂಗ್."

ವಾಪಸು ಬಂದು ಮೂರು ವಾರವಾದರೂ ಅವನದೊಂದು ಮೆಸೇಜಿಲ್ಲ! ಸೌಮ್ಯಾ ಅವಳನ್ನು ಬಲವಂತವಾಗಿ ಬರ್ಮಿಂಗ್‌ಹ್ಯಾಮ್ ಹತ್ತಿರದ ಟಿವಿಡೇಲ್‌ನ ಬಾಲಾಜಿ ಗುಡಿಗೆ ಕರೆತಂದಳು.

"ಅಮೃತ್! ಶೂ ಸರಿ ಇಡು ಮಾರಾಯ! ಎಷ್ಟು ಸಲ ಹೇಳ್ಬೇಕು ನಿಂಗೆ?"

"ಓಕೆ ಅಮ್ಮಾ, ಐ ಹರ್ಡ್ ಯೂ!"

ಅರ್ಪಿತಾಳ ಕೈಯ ತೆಂಗಿನಕಾಯಿ ಜಾರಿ, ಉರುಳಿ, ಅವನ ಕಾಲ ಬಳಿ ನಿಂತಿತು.

ಕೋಣ... ಛಂದದ ಮಾರಿ... ಆ ಆನೆ ಹೋದ ಮೇಲಿನ ಮಾತು... ದೇವರೇ!

"ಎಲ್ಲಾ ತಿಳೀತಿತ್ತೇನು ನಿನಗ?" ಅವಳ ಕಣ್ಣು ತುಂಬಿತು. "ಒಳಗೊಳಗ ನಗತಿದ್ದಿ, ಹೌದಿಲ್ಲೋ?"

"ನೋ! ಐ..." ಅವನು ತಡವರಿಸಿದ. ಆಮೇಲೆ ಮೊದಲ ಬಾರಿಗೆ ಕನ್ನಡಕ್ಕೆ ಇಳಿದ. "ನಗ್ಲಿಲ್ಲ. ಹೆದರಿದೆ. ನಂಗೆ ಕನ್ನಡ ಅಂದ್ರೆ ಅಮ್ಮ ಬೈಯುದು ಮಾತ್ರ ಗೊತ್ತು. ನೀನು ಅಷ್ಟು ಚಂದ ಹೇಳಿದ್ದಿ... ಅದಕ್ಕೆ ಇಂಗ್ಲಿಷಲ್ಲಿ ಉತ್ತರ ಹೇಳಿದ್ರೆ ಸಾಲುದಿಲ್ಲ. ಮೂರು ವಾರ ಪ್ರಾಕ್ಟೀಸ್ ಮಾಡಿದೆ. ಬರುದೇ ಇಲ್ಲ!"

"ಹಂಗಾರ ಬರೋದನ್ನೇ ಹೇಳು."

ಅವನು ಉಸಿರೆಳೆದುಕೊಂಡ. "ಊಟ ಸರಿ ಮಾಡು. ಚಳಿ ಉಂಟು, ಸ್ವೆಟರ್ ಹಾಕು. ರೂಮು ಮುಟ್ಟಿದ ಕೂಡ್ಲೇ ಫೋನ್ ಮಾಡು... ಇಲ್ಲದಿದ್ರೆ ನಂಗೆ ನಿದ್ರೆ ಬರುದಿಲ್ಲ."

ಇದಕ್ಕಿಂತ ಹೆಚ್ಚಿಗೆ ಇನ್ನೇನು ಬೇಕು ಹೇಳಿ! ಅರ್ಪಿತಾ ಅಳುತ್ತಲೇ ನಕ್ಕಳು. ಅತ್ತ ಅವನಮ್ಮ ಸೇವಂತಿ, ತನ್ನ ಬೈಗುಳ ಇಂಥ ಕೆಲಸಕ್ಕೂ ಬಂತಲ್ಲಾ ಎಂದು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

"ಕೋಣ," ಎಂದಳು ಅರ್ಪಿತಾ ಮೆಲ್ಲಗೆ.

ಅವನು ತೆಂಗಿನಕಾಯಿಯನ್ನು ಅವಳ ಕೈಗಿಟ್ಟ. ಕೈ ಬಿಡಲಿಲ್ಲ.

"ಹೂಂ... ಈ ಮಾತು ನಂಗೆ ಮೊದಲ ದಿನವೇ ಅರ್ಥ ಆಗಿತ್ತು."