ಕಂಬಳಿಯೊಳಗಿನ ಹಸಿರು ಕಲ್ಲು

ನಮ್ಮಣ್ಣ ಮಾಳಪ್ಪ ಮೊದಲನೇ ಏಟು ಕಂಬಳಿ ಮ್ಯಾಲೇ ಹಾಕಿದ. ಒಳಗ ನಾನು, ಸರ್ವೇ ಸಾಹೇಬ್ರು ಜಯತೀರ್ಥ, ಇಬ್ಬರೂ ಇದ್ವಿ. ಬಡಿಗಿ ಅವರ ತೋಳಿಗೆ ಬಿತ್ತು. ಎಲುಬು ಮುರಿದ ಸಪ್ಪಳ ನನಗ ಕೇಳಿಸ್ತು.

ಕಂಬಳಿ ಯಾಕ ಅಂತ ಹೇಳೇಬಿಡ್ತೇನಿ. ಎಪ್ಪತ್ತೆಂಟನೇ ಇಸವಿ. ಸಾಹೇಬ್ರು ಯುರೇನಿಯಂ ಹುಡುಕಾಕ ನಮ್ಮ ದುಂಡಸಿ ಗುಡ್ಡಕ್ಕ ಬಂದಿದ್ರು. ನಾನು ಕಲ್ಲು ಹೊರೋ ಕೂಲಿಯಾಕಿ. ಸಾಹೇಬ್ರ ಹತ್ರ ನೇರಳೆ ಬೆಳಕಿನ ಬ್ಯಾಟರಿ ಇತ್ತು. ಆ ಬೆಳಕಿಗೆ ಆ ಜಾತಿ ಕಲ್ಲು ಹಸಿರು ಹೊಳೀತೈತಿ, ಆದ್ರ ಕತ್ತಲಿ ಬೇಕು. ಹಾಡಹಗಲಿ ಬಯಲಾಗ ಕತ್ತಲಿ ಎಲ್ಲಿಂದ ತರೂದು? ನಮ್ಮಪ್ಪನ ಕರೀ ಕಂಬಳಿ ಹೊದ್ಕೊಂಡು ನೋಡೋರು. ಕಲ್ಲು ಹಿಡ್ಯಾಕ ಇನ್ನೊಂದು ಕೈ ಬೇಕಿತ್ತು, ಅದು ನಂದು.

ಎರಡು ತಿಂಗಳು ಒಂದೂ ಹೊಳೀಲಿಲ್ಲ. ಅವತ್ತು ಬ್ಯಾರೆ ಕಡೆಯಿಂದ ತಂದ ನಮೂನಿ ಕಲ್ಲು ತೋರಿಸಿದ್ರು. ಮ್ಯಾಲಿನ ಹಳದಿ ಹುಡಿ ಎಳೀ ಜ್ವಾಳದ ಸುಳಿ ಹಂಗ ಹಸಿರಾತು.

“ಗುತ್ತೆವ್ವ, ಕಲ್ಲು ನೋಡು. ನನ್ನ ಯಾಕ ನೋಡ್ಲಿಕ್ಕತ್ತಿ?”

“ನೀವು ಕಲ್ಲು ನೋಡಿದ್ರ, ನಾ ನೋಡೂದು ಹೆಂಗ ಗೊತ್ತಾತ್ರಿ?”

ನಕ್ರು. ಆ ಬೆಳಕಿಗೆ ಅವರ ಹಲ್ಲೂ ಹೊಳದ್ವು. ನಾ ಜೋರಾಗಿ ನಕ್ಕುಬಿಟ್ಟೆ. ಕುರಿ ಹೊಡ್ಕೊಂಡು ಆ ಕಡೆ ಬಂದ ಅಣ್ಣಗ ಹೊರಗಿನಿಂದ ಕಂಡಿದ್ದು ಒಂದ ಕಂಬಳಿ, ನಾಕು ಕಾಲು, ತಂಗಿ ನಗಿ.

ಎರಡನೇ ಏಟಿಗೆ ಅವರ ತಲಿ ಒಡೀತು. ನಾ ಅಣ್ಣನ ಕೈ ರಕ್ತ ಬರೂಮಟ ಕಚ್ಚಿದೆ. ಅವ ನನ್ನ ಜಡಿ ಹಿಡಿದು ಬಂಡಿಗಲ್ಲಿಗೆ ಬಡದ.

“ಕಲ್ಲು ನೋಡ್ಲಿಕ್ಕತ್ತಿದ್ವಿ, ಅಷ್ಟ,” ಅಂದ್ರು ಸಾಹೇಬ್ರು. “ನೀನ ನೋಡಪಾ ಮಾಳಪ್ಪ.”

ಅಣ್ಣ ಬಡಿಗಿ ನೆಲಕ್ಕಿಟ್ಟು ಕಂಬಳಿ ಹೊದ್ದು ನೋಡಿದ. ಕಲ್ಲು ಹೊಳೀತಿತ್ತು. ಹೊರಗ ಬಂದಾಗ ಅವನ ಮಾರಿ ಮ್ಯಾಲಿನ ಸಿಟ್ಟು ಇಳಿದಿತ್ತು.

“ಕಲ್ಲ ನೋಡಾಕತ್ತಿದ್ರಿ, ಹೌದಿಲ್ಲೋ?” ಅಂತ ನನ್ನ ಕೇಳಿದ.

ಹೂಂ ಅಂದ್ರ ಸಾಕಿತ್ತು. ಅವರ ಜೀವ ಉಳೀತಿತ್ತು. ನನ್ನ ನೋಡಾಕ ಸೋಮವಾರ ಹಾನಗಲ್ಲಿನ ವರ ಬರಾಂವಿದ್ದ. ಹೂಂ ಅನ್ನು ಅಂತ ಸಾಹೇಬ್ರು ಕಣ್ಣಾಗ ಬೇಡಾಕತ್ತಿದ್ರು. ಕಂಡದ್ದು ಕಂಡಂಗ ಹೇಳಿದ್ರ ಕೆಂಡದಂಥ ಕ್ವಾಪ ಅಂತಾರ. ಬಂದ್ರ ಬರ್ಲಿ ಅಂತ ಬಡಿಗಿ ನಾನ ಎತ್ಕೊಂಡೆ.

“ಕಲ್ಲು ಅವರು ನೋಡಿದ್ರು. ನಾ ಅವರನ್ನ ನೋಡಿದೆ. ಲಗ್ನ ಆದ್ರ ಅವರನ್ನ. ಮುಂದ ಬಂದ್ರ ಅಣ್ಣ ಅನ್ನೂದು ಮರೀತೇನಿ.”

ಸಾಹೇಬ್ರು ಮುರಿದ ತೋಳು ಹಿಡ್ಕೊಂಡು ನನ್ನ ಮಗ್ಗಲಿಗೆ ಬಂದು ನಿಂತ್ರು.

“ನಾ ಸುಳ್ಳು ಹೇಳಿದೆ, ಮಾಳಪ್ಪ. ಆ ಕಲ್ಲು ಆರು ವರ್ಷದಿಂದ ನೋಡ್ಲಿಕ್ಕತ್ತೇನಿ. ಇವತ್ತು ನೋಡಿದ್ದು ಈಕಿನ್ನ.”

ಅಣ್ಣ ಹೆಜ್ಜಿ ಮುಂದಿಟ್ಟ. ನಾ ಮೊಣಕಾಲಿಗೆ ಬೀಸಿದೆ. ಅವ ಎದ್ದು ನಿಲ್ಲೂದರಾಗ ನಾವಿಬ್ಬರೂ ಗುಡ್ಡ ಇಳಿದು ಶಿಗ್ಗಾಂವಿ ಬಸ್ಸು ಹತ್ತಿದ್ವಿ.