ಸುಡದ ಹಲ್ಲು

ಇಕ್ಕಳ ನನ್ನ ದವಡೆ ಹಲ್ಲನ್ನು ಕಚ್ಚಿ ಹಿಡಿದಿತ್ತು.

ಹಿಡಿದವನು ಲಗಾಹಿತ್. ಫಿಲಿಪ್ಪೀನ್ಸಿನ ಸೆಬು ಬಂದರಿನ ಕಳ್ಳಸಾಗಣೆಯ ದೊರೆ. ಹೋದ ತಿಂಗಳು ಕಾರಿನಲ್ಲಿ ಸುಟ್ಟು ಸತ್ತನೆಂದು ಊರೆಲ್ಲ ನಂಬಿದ್ದ ಮನುಷ್ಯ.

ಸತ್ತವನ ಕೈಗೆ ಬಲ ಚೆನ್ನಾಗಿಯೇ ಇತ್ತು.

"ನಾನು ಬದುಕಿದೀನಿ ಅಂತ ಯಾರಿಗೆಲ್ಲ ಹೇಳಿದೀಯ?"

ಬಾಯಲ್ಲಿ ಕಬ್ಬಿಣ ಇಟ್ಟುಕೊಂಡು ಏನು ಹೇಳಲಿ? ಅವನು ತಿರುಚಿದ. ಹಲ್ಲು ಬೇರುಸಹಿತ ಬಂತು...

ಇದೆಲ್ಲ ಶುರುವಾದದ್ದು ಫೆಲಿಸಾಳಿಂದ. ಅವಳ ಗಂಡ ಇಸ್ಕೋ, ಲಗಾಹಿತನ ಡ್ರೈವರ್. ಕಾರು ಸುಟ್ಟ ದಿನದಿಂದ ನಾಪತ್ತೆ. ಧಣಿಯನ್ನು ಕೊಂದು ಓಡಿಹೋದ ಎಂದರು ಪೊಲೀಸರು.

"ಓಡಿಹೋಗೋನಲ್ಲ ಅಣ್ಣಾ," ಎಂದಿದ್ದಳು, ಖಾಸಗಿ ಪತ್ತೇದಾರನಾದ ನನ್ನ ಹತ್ತಿರ ಬಂದು. "ಚಪ್ಪಲಿ ಕೂಡ ಬಾಗಿಲಲ್ಲೇ ಇದೆ."

ಹೆಣದ ಬಾಯಲ್ಲಿದ್ದ ಕೃತಕ ಹಲ್ಲು ನೋಡಿ ಅದು ಲಗಾಹಿತನದೇ ಎಂದು ಹೇಳಿದ್ದು ಅವನ ದಂತವೈದ್ಯ ಡಾಕ್ಟರ್ ವಿಲಾರಿನ್. ಮಧ್ಯಾಹ್ನ ಅವರ ಕ್ಲಿನಿಕ್ಕಿಗೆ ಹೋಗಿ, ಪೊಲೀಸರು ತೆಗೆದ ಆ ಹಲ್ಲಿನ ಫೋಟೋ ಮುಂದಿಟ್ಟೆ.

"ಪಿಂಗಾಣಿಯದಾ ಡಾಕ್ಟ್ರೇ?"

"ಅಲ್ಲ, ಪ್ಲಾಸ್ಟಿಕ್ಕು."

"ಎರಡಕ್ಕೂ ಏನು ವ್ಯತ್ಯಾಸ?"

"ಪಿಂಗಾಣೀಲಿ ಕಣಕ್ಕೆ ಕಣ ಎಲ್ಲಾ ಕಡೆಯಿಂದ್ಲೂ ಬಿಗಿದುಕೊಂಡಿರತ್ತೆ. ಬೆಂಕಿಗೂ ಬಗ್ಗಲ್ಲ. ಪ್ಲಾಸ್ಟಿಕ್ಕು ಉದ್ದುದ್ದ ಸರಪಳಿ. ಕಾದ್ರೆ ಕೊಂಡಿ ಕಳಚಿ ಆವಿಯಾಗಿ..."

ಅವರು ಫೋಟೋವನ್ನು ಮಗುಚಿಟ್ಟರು.

"ಕಾರಿನ ಗಾಜೇ ಕರಗಿ ಹರಿದಿತ್ತು," ಎಂದೆ. "ಈ ಹಲ್ಲು ಮಾತ್ರ ಹೊಸದರ ಹಾಗಿದೆ. ಬೆಂಕಿ ಆರಿದ ಮೇಲೆ ಇಟ್ರು, ಅಲ್ವಾ?"

ಅವರ ಕಣ್ಣು ತುಂಬಿತು. "ನನ್ನ ತಮ್ಮನ್ನ ಹಿಡ್ಕೊಂಡಿದಾರೆ..."

ಹಿಂದಿನಿಂದ ತಲೆಗೆ ಏಟು ಬಿತ್ತು. ತನ್ನ ಹಲ್ಲನ್ನು ಹೆಣಕ್ಕೆ ಕೊಟ್ಟ ಲಗಾಹಿತ್, ಹೊಸದು ಕಟ್ಟಿಸಿಕೊಳ್ಳಲು ಒಳಕೋಣೆಯಲ್ಲೇ ಕೂತಿದ್ದ. ಎಚ್ಚರವಾದಾಗ ಅದೇ ಕ್ಲಿನಿಕ್ಕಿನ ಕುರ್ಚಿಗೆ ನನ್ನ ಕೈಗಳನ್ನು ಕಟ್ಟಿದ್ದ.

"ರಕ್ತ ಒರೆಸ್ರೀ ಡಾಕ್ಟ್ರೇ. ಮುಂದಿನ ಹಲ್ಲು ಕಾಣ್ತಿಲ್ಲ," ಎಂದ ಲಗಾಹಿತ್, ನನ್ನ ಕಿತ್ತ ಹಲ್ಲನ್ನು ತಟ್ಟೆಗೆ ಹಾಕಿ.

ವಿಲಾರಿನ್ ಹತ್ತಿ ತೆಗೆದುಕೊಂಡರು. "ನೀವು ಹೇಳಿದ್ದೆಲ್ಲ ಮಾಡಿದೀನಿ. ನನ್ನ ತಮ್ಮನ್ನ ಯಾವಾಗ ಬಿಡ್ತೀರಿ?"

"ಅವನಾ?" ಲಗಾಹಿತ್ ತಿರುಗಿಯೂ ನೋಡಲಿಲ್ಲ. "ಅವತ್ತೇ ಮುಗಿಸಿದ್ವಲ್ಲ."

ಅವರು ಅಳಲಿಲ್ಲ. ತಟ್ಟೆಯಿಂದ ನೀಲಿ ಸಿರಿಂಜ್ ಎತ್ತಿಕೊಂಡರು. ಅಂಟು ಗಟ್ಟಿಯಾಗಿ ಕಚ್ಚಲೆಂದು ಹಲ್ಲಿನ ಮೇಲ್ಮೈ ತಿಂದು ತರಿ ಮಾಡುವ ಆಸಿಡ್ ಅದು. ಅಷ್ಟನ್ನೂ ಅವನ ಕಣ್ಣಿಗೆ ಒತ್ತಿದರು.

ಅವನು ಚೀರಿದ. ಸೊಂಟದಿಂದ ಪಿಸ್ತೂಲು ಎಳೆದು ಕುರುಡಾಗಿ ಹಾರಿಸಿದ. ದೀಪ ಚೂರಾಯಿತು. ನಾನು ಎರಡೂ ಕಾಲೆತ್ತಿ ಅವನ ಎದೆಗೆ ಒದ್ದೆ. ಬಿದ್ದವನ ಮಣಿಕಟ್ಟಿನ ಮೇಲೆ ವಿಲಾರಿನ್ ಕಬ್ಬಿಣದ ಸ್ಟೂಲನ್ನು ಇಳಿಸಿದರು. ಮೂಳೆ ಮುರಿದ ಸದ್ದು ಕೇಳಿತು. ಮತ್ತೆ ಎತ್ತಿದರು.

"ಸಾಕು ಡಾಕ್ಟ್ರೇ. ಅವನು ಕೋರ್ಟಲ್ಲಿ ಬಾಯಿ ಬಿಡ್ಬೇಕು."

"ಬಿಡ್ತಾನೆ," ಎಂದರು. ಈ ಸಲ ಸ್ಟೂಲು ಮಂಡಿಯ ಮೇಲೆ ಇಳಿಯಿತು.

ಲಗಾಹಿತನ ಹೆಸರು ಕೆತ್ತಿದ ಅಮೃತಶಿಲೆಯ ಗೋರಿಯಲ್ಲಿ ಮಲಗಿದ್ದವನು ಇಸ್ಕೋ. ಫೆಲಿಸಾಳನ್ನು ಅಲ್ಲಿಗೆ ಕರೆದುಕೊಂಡು ಹೋದೆ.

"ಬೇರೆ ಕಡೆ ಮಣ್ಣು ಮಾಡೋಣವಾ?" ಎಂದೆ.

ಅವಳು ಕಲ್ಲನ್ನು ಸವರಿ ನೋಡಿದಳು.

"ಬೇಡ ಅಣ್ಣಾ. ಇಷ್ಟು ಒಳ್ಳೇ ಮನೆ ನಮಗೆಲ್ಲಿ ಸಿಗತ್ತೆ? ಹೆಸರು ಮಾತ್ರ ಕೆರೆಸಿಬಿಡಿ."