ಹನ್ನೆರಡು ಮಾರು ಆಳ

ನಿನ್ನೆ ಸಂಜೆ ಪರದೆಯ ಮೇಲೆ ಕಮರಿ ಇದ್ದ ಜಾಗದಲ್ಲಿ ಬೆಳಗಾಗುವಷ್ಟರಲ್ಲಿ ಗುಡ್ಡ ಎದ್ದಿತ್ತು!

"ಎರಡು ತಿಂಗಳು ದೋಣೀಲಿ ಸುತ್ತಿ ಸಮುದ್ರದ ಆಳ ಅಳೆದಿದ್ದೀನಿ," ಇಂಜಿನಿಯರ್ ಪಾಂಡೆಲಿಸ್ ಹಣೆ ಚಚ್ಚಿಕೊಂಡ. "ಅಂಕಿಗಳನ್ನ ಸ್ಪ್ರೆಡ್‌ಶೀಟಿಗೆ ಹಾಕಿದ್ರೆ ಸಾಕು, ಅದಕ್ಕೆ ಜೋಡಿಸಿರೋ ಈ ಆಡ್-ಇನ್ ತಂತ್ರಾಂಶ ತಾನೇ ಉಬ್ಬುತಗ್ಗಿನ ಚಿತ್ರ ಬಿಡಿಸುತ್ತೆ. ಯಾರೋ ಅಂಕಿ ತಿದ್ದಿದ್ದಾರೆ! ಮುಳುಗು ಕಲಿಸೋ ಶಾಲೆಯವರು ಇದನ್ನೇ ನಂಬಿ ನೀರಿಗಿಳಿದ್ರೆ?"

ತೆಮೆಲಿನಾ ಕನ್ನಡಕ ಏರಿಸಿದಳು. ಬಂದರು ಪೊಲೀಸಿನಿಂದ ನಿವೃತ್ತಳಾಗಿ ಮೂರು ವರ್ಷವಾಗಿದ್ದರೂ, ಕಾಲಿಮ್ನೋಸ್ ದ್ವೀಪದಲ್ಲಿ ಸೂಜಿ ಕಳೆದರೂ ಅವಳಿಗೇ ಕರೆ.

"ಮೂಲ ಅಂಕಿ ಉಳಿದಿದೆಯಾ?"

"ಆಳ ಅಳೆಯೋ ಯಂತ್ರದಲ್ಲಿದೆ. ಆದ್ರೆ ತಿದ್ದಿದವರು ಸಿಗದಿದ್ರೆ ಮತ್ತೆ ತಿದ್ತಾರಲ್ಲ!"

"ಈ ಕೋಣೆಯ ಬೀಗದ ಕೈ ಯಾರ ಹತ್ರ?"

"ನಾನು, ಕಾವಲಿನ ಸ್ಕೆವೋಸ್ ಮಾವ, ಸೆವಸ್ತಿ ಟೀಚರ್. ಇಷ್ಟೇ."

ಸ್ಕೆವೋಸ್, ಸೆವಸ್ತಿ ಇಬ್ಬರಿಗೂ ಆ ಕಮರಿಯ ನಂಟಿತ್ತು. ಐವತ್ತು ವರ್ಷದ ಹಿಂದೆ ಸಮುದ್ರತಳದ ಸ್ಪಂಜು ಕೀಳಲು ಅಲ್ಲಿ ಇಳಿದ ಸ್ಕೆವೋಸ್, ಆಳದ ಒತ್ತಡಕ್ಕೆ ಕಾಲಿನ ಸ್ವಾಧೀನ ಕಳೆದುಕೊಂಡು ಮೇಲೆ ಬಂದಿದ್ದ. ಆ ದೋಣಿಯ ಕಪ್ತಾನ ಸಕೆಲ್ಲಾರಿಸ್, ಸೆವಸ್ತಿಯ ಅಪ್ಪ. ಆಳದ ಬಗ್ಗೆ ಸುಳ್ಳು ಹೇಳಿ ಇಳಿಸಿದ ಎಂದು ಕಪ್ತಾನ ಸಾಯುವ ತನಕ ಊರು ಅವನನ್ನು ಆಡಿಕೊಂಡಿತ್ತು.

"ನೀನೇನಾದ್ರೂ ಮುಟ್ಟಿದ್ಯಾ ಮಾವ?"

"ಆ ಪೆಟ್ಟಿಗೇನಾ?" ಸ್ಕೆವೋಸ್ ಊರುಗೋಲು ಕುಟ್ಟಿ ನಕ್ಕ. "ನನಗೆ ಟಿವಿ ಹಚ್ಚೋಕೇ ಬರಲ್ಲ ಮಗಳೇ!"

ಸೆವಸ್ತಿ ಕಾಫಿ ಬಟ್ಟಲಿನಿಂದ ಕಣ್ಣೆತ್ತಲಿಲ್ಲ. "ಯಂತ್ರವೇ ತಪ್ಪಿರಬೇಕು ಬಿಡೆ."

ತೆಮೆಲಿನಾ ತಿದ್ದಿದ ಹನ್ನೊಂದು ಸಾಲುಗಳ ಮುಂದೆ ಕೂತಳು. 21.96... 23.79... 25.62... ಮಿಕ್ಕ ಸಾಲುಗಳ ಹಾಗೇ ಕಾಣುವ ಅಂಕಿಗಳು. ಕಿಟಕಿಯಾಚೆ ಖಾಲಿ ಕಟ್ಟೆ. ಒಂದು ಕಾಲದಲ್ಲಿ ಈಸ್ಟರ್ ಕಳೆದ ಕೂಡಲೇ ಅಲ್ಲಿಂದ ದೋಣಿಗಳು ಹೊರಡುತ್ತಿದ್ದವು. ಹೆಂಗಸರು ಅಳು ನುಂಗಿ ಹಾಡುತ್ತಿದ್ದರು. ಅವಳೂ ಸೆವಸ್ತಿಯೂ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ನೋಡುತ್ತಿದ್ದರು. ಕಪ್ತಾನ ಆಳ ಅಳೆಯಲು ಸೀಸದ ಗುಂಡು ಕಟ್ಟಿದ ಹಗ್ಗ ಮೇಲೆಳೆಯುತ್ತಿದ್ದ — ಎರಡೂ ತೋಳು ಚಾಚಿ, ಒಂದು ಮಾರು, ಎರಡು ಮಾರು...

ತೆಮೆಲಿನಾ ತಟ್ಟನೆ ಪೆನ್ಸಿಲ್ ಎತ್ತಿಕೊಂಡಳು.

ಮಧ್ಯಾಹ್ನ ಮೂವರನ್ನೂ ಕರೆಸಿದಳು.

"ಎಲ್ಲರೂ ಚಿತ್ರ ನೋಡಿದ್ರಿ, ಅಂಕಿ ನೋಡಲಿಲ್ಲ. ಒಂದು ಮಾರು ಅಂದ್ರೆ 1.83 ಮೀಟರ್. ಭಾಗಿಸಿ ನೋಡಿ — ಹನ್ನೆರಡು, ಹದಿಮೂರು, ಹದಿನಾಲ್ಕು. ಹನ್ನೊಂದೂ ಸಾಲು ಪೂರ್ತಿ ಮಾರು! ಪಾಂಡೆಲಿಸನ ಯಂತ್ರಕ್ಕೆ ಮಾರು ಗೊತ್ತಿಲ್ಲ. ಮಾವನಿಗೆ ಕಂಪ್ಯೂಟರ್ ಗೊತ್ತಿಲ್ಲ. ಎರಡೂ ಗೊತ್ತಿದ್ದು, ಕಪ್ತಾನ ಆಳ ಬರೆದಿಡ್ತಿದ್ದ ಪುಸ್ತಕ ಮನೇಲಿಟ್ಟುಕೊಂಡವಳು ಒಬ್ಬಳೇ." ಅವಳ ದನಿ ಇಳಿಯಿತು. "ಯಾಕೆ ಹೀಗೆ ಮಾಡಿದೆ ಸೆವಸ್ತಿ?"

"ಅಪ್ಪ ಹನ್ನೆರಡು ಮಾರು ಅಂತ ಬರೆದಿದ್ದಾನೆ ಕಣೇ!" ಸೆವಸ್ತಿ ಪರದೆಯತ್ತ ಬೆರಳು ತೋರಿಸಿದಳು. "ಕಮರಿಯ ಚಿತ್ರ ಊರಿಗೆಲ್ಲ ಕಾಣೋ ಹಾಗೆ ಗೋಡೆಗೆ ಹಾಕಿದ್ರೆ, ಸತ್ತ ಮೇಲೂ ಅವನು ಸುಳ್ಳುಗಾರನೇ ಆಗಿಬಿಡ್ತಾನೆ."

ಪಾಂಡೆಲಿಸ್ ಮೂಲ ಅಂಕಿಗಳನ್ನು ತುಂಬಿದ. ಗುಡ್ಡ ಕುಸಿದು ಮತ್ತೆ ಕಮರಿ ಬಾಯ್ದೆರೆಯಿತು — ನಲವತ್ತೊಂದು ಮೀಟರ್.

"ಅದನ್ನ ತಿರುಗಿಸೋಕೆ ಬರುತ್ತೇನಪ್ಪಾ?" ಎಂದ ಸ್ಕೆವೋಸ್. "ಉತ್ತರದ ಕಡೆಯಿಂದ ತೋರಿಸು."

ಪಾಂಡೆಲಿಸ್ ಚಿತ್ರವನ್ನು ನಿಧಾನವಾಗಿ ಹೊರಳಿಸಿದ. ಮುಂದಿನ ದಿಣ್ಣೆಯ ಮರೆಯಲ್ಲಿ, ಕಮರಿಯ ಗೋಡೆಗಂಟಿ ಕಿರಿದಾದ ಬಂಡೆಯ ಜಗಲಿ. ಆಳ, ಇಪ್ಪತ್ತೆರಡು ಮೀಟರ್.

"ಹನ್ನೆರಡು ಮಾರು," ಎಂದಳು ತೆಮೆಲಿನಾ.

"ಕಪ್ತಾನ ಅಳೆದದ್ದು ಅದನ್ನೇ," ಸ್ಕೆವೋಸ್ ಊರುಗೋಲಿನಿಂದ ಪರದೆ ತೋರಿಸಿದ. "ಜಗಲಿ ಬಿಟ್ಟು ಕೆಳಗಿಳೀಬೇಡ ಅಂತ ಎರಡು ಸಲ ಹೇಳಿದ್ದ. ಕೆಳಗೆ ದೊಡ್ಡ ಸ್ಪಂಜು ಕಂಡಿತು. ನಾನೇ ಇಳಿದೆ. ಮೇಲೆ ಬಂದ ಮೇಲೆ ಊರು ಅವನನ್ನ ಬೈತು. ನಿಜ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಅವನೂ ನನ್ನ ಹೆಸರು ಎತ್ತಲಿಲ್ಲ ಮಗಳೇ."

ಸೆವಸ್ತಿ ಅವನತ್ತ ತಿರುಗಿದಳು. "ಐವತ್ತು ವರ್ಷ, ಮಾವ?"

ಅವನು ಟೋಪಿ ಹಾಕಿಕೊಂಡ. "ಈಗ ಕಾಫಿ ಅಂಗಡೀಲಿ ಊರೆಲ್ಲ ಸೇರಿರುತ್ತೆ. ನಡಿ, ನನ್ನ ಜೊತೆ ಬಾ. ನಿನ್ನೆದುರೇ ಹೇಳ್ತೀನಿ."

ಬಾಗಿಲಲ್ಲಿ ಊರುಗೋಲು ಜಾರಿತು. ಸೆವಸ್ತಿ ಅವನ ತೋಳು ಹಿಡಿದುಕೊಂಡಳು.